ನೀರಿಲ್ಲದ ಸಾರು

ವಾಸನೆ ಇತ್ತು. ಸಾರಾಯಿ ಇರಲಿಲ್ಲ.

ಎರಡೂ ನಿಜವಾಗಿರುವುದು ಹೇಗೆ ಸಾಧ್ಯ? ಜೀಪಿನ ಮುಂದಿನ ಸೀಟಿನಲ್ಲಿ ಕುಳಿತಿದ್ದ ಲೆಫ್ಟಿನೆಂಟ್ ಲೂ ಹ್ವಾನ್ ಬೆಳಗಿನಿಂದ ಈ ಎರಡು ಮಾತುಗಳನ್ನೇ ಮನಸ್ಸಿನಲ್ಲಿ ಹಿಂದೆಮುಂದೆ ಮಾಡುತ್ತಿದ್ದ. ಒಂದನ್ನು ನಂಬಿದರೆ ಇನ್ನೊಂದು ಸುಳ್ಳಾಗಬೇಕು. ಆದರೆ ತಪಾಸಣೆಗೆ ಬಂದಿದ್ದ ಅಧಿಕಾರಿಗಳೆಲ್ಲರ ಮೂಗಿಗೂ ಆ ವಾಸನೆ ಬಡಿದಿತ್ತು. ಪಹರೆಯ ಸಿಪಾಯಿ ಜೆಂಗ್ ಮಾವ್‌ಶಾನ್ ‘ನಾನು ಕುಡಿದಿಲ್ಲ’ ಎಂದಾಗ ಅವನ ಕಣ್ಣು ಕದಲಿರಲಿಲ್ಲ.

ಸುಳ್ಳು ಹೇಳುವವರು ಕಾರಣ ಕೊಡುತ್ತಾರೆ. ಮಾವ್‌ಶಾನ್ ಒಂದು ಕಾರಣವನ್ನೂ ಕೊಡಲಿಲ್ಲ. ‘ಕುಡಿದಿಲ್ಲ’ ಎಂದು ಸುಮ್ಮನಾದ. ಆ ಮೌನವೇ ಹ್ವಾನ್‌ನನ್ನು ಕಾಡುತ್ತಿತ್ತು.

ಮೊನ್ನೆ ರಾತ್ರಿ ಮಾವ್‌ಶಾನ್ ಕಡಲಂಚಿನ ಕಾವಲುಗೂಡಿನಲ್ಲಿ ನಿದ್ದೆ ಹೋಗಿದ್ದ. ಶತ್ರುವಿನ ವಶದಲ್ಲಿರುವ ಎದುರು ದಡದಿಂದ ಈಜಿಬಂದು ಪಹರೆಯವರ ಕತ್ತು ಕೊಯ್ದು ಹೋಗುವವರಿರುವಾಗ, ಕಿನ್ಮೆನ್ ದ್ವೀಪದಲ್ಲಿ ಪಹರೆಯವನ ನಿದ್ದೆಗಿಂತ ದೊಡ್ಡ ಅಪರಾಧವಿಲ್ಲ. ನಾಳೆ ಬೆಳಿಗ್ಗೆ ಕೋರ್ಟ್ ಮಾರ್ಷಲ್. ಕುಡಿದು ಮಲಗಿದನೆಂದಾದರೆ ಗುಂಡು. ಅವನಿಗೆ ತಿಳಿಯದ ಹಾಗೆ ಯಾರೋ ಏನನ್ನೋ ಹೊಟ್ಟೆಗೆ ಹಾಕಿದರೆಂದಾದರೆ ಜೀವ ಉಳಿದೀತು.

ಅದನ್ನು ಕಂಡುಹಿಡಿಯಲು ಸೇನಾ ಕಾನೂನು ಕಚೇರಿಯ ತನಿಖಾಧಿಕಾರಿ ಹ್ವಾನ್‌ಗೆ ಉಳಿದಿದ್ದುದು ಈ ಒಂದು ಮಧ್ಯಾಹ್ನ.

“ಇನ್ನೂ ಅದನ್ನ ಮೆಲಕ ಹಾಕಾಕತ್ತೀರೇನ್ರಿ ಸಾಹೇಬ್ರ?” ಜೀಪು ಓಡಿಸುತ್ತಿದ್ದ ಸಾರ್ಜೆಂಟ್ ಗುವೊ ಕೇಳಿದ. ಅವನು ಕಡಲಾಚೆ, ಈಗ ಶತ್ರುವಿನ ವಶದಲ್ಲಿರುವ ಉತ್ತರದ ಶಾಂಡಾಂಗಿನವನು. ದ್ವೀಪಕ್ಕೆ ಬಂದು ತಲೆ ನರೆತಿದ್ದರೂ ಇಲ್ಲಿಯ ಭಾಷೆ ಅವನ ನಾಲಗೆಗೆ ಹತ್ತಿರಲಿಲ್ಲ. “ಹುಡುಗನ ತುಕಡಿ ಕ್ಯಾಪ್ಟನ್ ಶಾವ್ ಸಾಹೇಬ್ರು ಆಗ್ಲೇ ಹೇಳ್ಯಾರಲ್ರಿ, ಇಸ್ತ್ರಿ ಅಂಗಡಿ ಮುದುಕಿ ಆ ಹುಡುಗಗ ಸೆರೆ ಮಾರ್ಯಾಳ ಅಂತ.”

“ಹೇಳಿದಾರೆ. ಬಾಟ್ಲಿ ತೋರಿಸಿಲ್ಲ.”

“ಎಲ್ಲಿಂದ ತೋರಸ್ತಾರ? ಅವರ ಮಂದಿ ನಿನ್ನೆ ಆಕಿ ಮನಿಯೆಲ್ಲಾ ಬುಡಮೇಲು ಮಾಡಿ ಖಾಲಿ ಬಾಟ್ಲಿ ಅಷ್ಟೂ ಹೊತ್ಕೊಂಡು ಹೋಗ್ಯಾರ. ವಿನೆಗರ್ ಬಾಟ್ಲೀನೂ ಬಿಟ್ಟಿಲ್ರಿ. ಸೀಲ್ ಒಡೀದ ಸೆರೆ ಬಾಟ್ಲಿ ಮಾತ್ರ ಅಲ್ಲೇ ಬಿಟ್ಟಾರ, ರೇಷನ್ನಿಂದು ಅಂತ.”

ಹ್ವಾನ್ ತಿರುಗಿ ನೋಡಿದ. “ತುಂಬಿದ್ದು ಬಿಟ್ಟು ಖಾಲಿದು ತಗೊಂಡು ಹೋದ್ರಾ?”

“ಹೂನ್ರಿ.”

“ಯಾಕೆ?”

“ನಂಗೇನು ಗೊತ್ರಿ? ಕ್ಯಾಪ್ಟನ್ ಸಾಹೇಬ್ರು ಗುಜರಿ ಅಂಗಡಿ ಇಡ್ತಾರೇನೋ.”

ಗುವೊ ನಕ್ಕ. ಹ್ವಾನ್ ನಗಲಿಲ್ಲ.

ತಾವ್‌ಪೋ ಹಳ್ಳಿಯಲ್ಲಿ ಆ ದಿನ ಊಟದ ಗದ್ದಲ. ಎದುರು ದಡದವರು ದಿನ ಬಿಟ್ಟು ದಿನ ಶೆಲ್ ಹಾರಿಸುತ್ತಿದ್ದರು; ಅಂದು ಶೆಲ್ ಬೀಳದ ದಿನ. ಹಾಗಾಗಿ ಜನ ಅಂಗಳದಲ್ಲಿ ನೆಮ್ಮದಿಯಾಗಿ ಮೇಜು ಹಾಕಿದ್ದರು. ಇಸ್ತ್ರಿ ಅಂಗಡಿಯ ಸೀ ಬೆಕ್‌ಲ್ಯಾನ್‌ಳ ಮೊಮ್ಮಗುವಿಗೆ ತಿಂಗಳು ತುಂಬಿತ್ತು. ಬಾಗಿಲ ಬಳಿ ಶುಭಕ್ಕೆಂದು ಕೆಂಪು ಬಣ್ಣ ಬಳಿದ ಮೊಟ್ಟೆಗಳ ಬುಟ್ಟಿ. ಅದರ ಮೇಲೇ, ಎಲ್ಲ ಅಂಗಡಿಗಳ ಗೋಡೆಯಲ್ಲಿರುವ ಹಾಗೆ ಕೆಂಪಕ್ಷರದ ಸೇನಾ ಆಜ್ಞೆ: ಸಮವಸ್ತ್ರದವರಿಗೆ ಸಾರಾಯಿ ಇಲ್ಲ, ಸೇನಾ ಆಸ್ಪತ್ರೆಯ ಮುದ್ರೆ ಇಲ್ಲದೆ ನಿದ್ದೆ ಮಾತ್ರೆ ಇಲ್ಲ.

ಬೆಕ್‌ಲ್ಯಾನ್ ಸೊಂಟದ ಮೇಲೆ ಕೈಯಿಟ್ಟು ಹೊಸ್ತಿಲಲ್ಲಿ ನಿಂತಿದ್ದಳು. ಹ್ವಾನ್ ಪಕ್ಕದ ಊರಿನ ಹುಡುಗ. ಅವನ ಅಂಬೆಗಾಲನ್ನೂ ನೋಡಿದ್ದ ಅವಳಿಗೆ ಅವನು ಇನ್ನೂ ಮುದ್ದಿನ ‘ಆ-ಹ್ವಾನ್’.

“ಬಂದ್ಯಾ ಆ-ಹ್ವಾನ್? ಉಣ್ಣೋಕೆ ಬಂದ್ಯೋ, ಹುಡುಕೋಕೆ ಬಂದ್ಯೋ?”

“ಎರಡಕ್ಕೂ ದೊಡ್ಡಮ್ಮ.”

“ಹಾಗಾದ್ರೆ ಮೊದ್ಲು ಉಣ್ಣು. ಹೊಟ್ಟೆ ಹಸ್ಕೊಂಡು ಹುಡುಕೋರಿಗೆ ಎಲ್ಲಾರೂ ಕಳ್ಳರ ಥರಾನೇ ಕಾಣ್ತಾರೆ.” ಗುವೊ ಕಡೆ ಗದ್ದ ತೋರಿಸಿದಳು. “ಆ ದಪ್ಪ ಮೂಗಿನವರನ್ನೂ ಒಳಗೆ ಕರಿ. ಅವರ ಮಾತು ಅರ್ಥವಾಗದಿದ್ರೂ ಹೊಟ್ಟೆ ಅರ್ಥವಾಗತ್ತೆ.”

“ಏನಂದಳ್ರಿ?” ಗುವೊ ಕೇಳಿದ.

“ಮೂಗು ಚೆನ್ನಾಗಿದೆ ಅಂದ್ರು.”

ಒಳಗೆ ಇಸ್ತ್ರಿ ಮೇಜನ್ನು ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಇಸ್ತ್ರಿಯ ಕೆಂಡದಿಂದ ಸುಟ್ಟ ಕಲೆಗಳು. ಹ್ವಾನ್ ಕುಳಿತು, ನಿನ್ನೆಯಿಂದ ಊರಿನ ಪ್ರತಿ ಮನೆಯಲ್ಲೂ ಕೇಳಿದ ಪ್ರಶ್ನೆಯನ್ನೇ ಕೇಳಿದ.

“ದೊಡ್ಡಮ್ಮ, ಮೊನ್ನೆ ಸಂಜೆ ಮಾವ್‌ಶಾನ್ ಇಲ್ಲಿಗೆ ಬಂದಿದ್ದನಲ್ಲ. ಅವನಿಗೆ ಸಾರಾಯಿ ಕೊಟ್ರಾ?”

“ಎಷ್ಟು ಸಲ ಹೇಳ್ಲಿ? ಬಂದ. ಇಸ್ತ್ರಿ ಮಾಡಿದ ಅಂಗಿ ತಗೊಂಡ. ಪಹರೆಗೆ ಹೋದ. ನನ್ನ ಮನೇಲಿ ಯಾವ ಸಿಪಾಯೀನೂ ಒಂದು ತೊಟ್ಟು ಸಾರಾಯಿ ಮುಟ್ಟಿಲ್ಲ. ಬೇಕಿದ್ರೆ ದೇವರ ಮುಂದೆ ಕೋಳಿ ಕತ್ತರಿಸಿ ಆಣೆ ಮಾಡ್ತೀನಿ.”

ಅವಳ ಕಣ್ಣೂ ಕದಲಲಿಲ್ಲ. ಮಾವ್‌ಶಾನ್‌ನ ಕಣ್ಣಿನ ಹಾಗೇ.

ಅವಳು ಎರಡು ಬಟ್ಟಲು ತಂದು ಇಟ್ಟಳು. ಎಳ್ಳೆಣ್ಣೆಯಲ್ಲಿ ಹುರಿದ ಶುಂಠಿ, ಕೋಳಿ, ಮೇಲೆ ತೇಲುವ ಬಂಗಾರದ ಬಣ್ಣದ ಎಣ್ಣೆ. ಬಾಣಂತಿಯ ಸಾರು. ಹ್ವಾನ್ ಬಟ್ಟಲೆತ್ತಿ ಕುಡಿದ. ಗಂಟಲಿನಿಂದ ಎದೆಗೆ ಬೆಚ್ಚಗೆ ಇಳಿಯಿತು. ತಂಗಿ ಹುಟ್ಟಿದಾಗ, ಅಕ್ಕನಿಗೆ ಮಗಳು ಹುಟ್ಟಿದಾಗ, ನೆರೆಮನೆಯಲ್ಲಿ ಯಾರಿಗೆ ಮಗುವಾದಾಗಲೂ ಕುಡಿದಿದ್ದ ಸಾರು.

ಗುವೊ ಬಟ್ಟಲನ್ನು ಮೂಗಿನ ತನಕ ತಂದು, ಹಾಗೇ ಕೆಳಗಿಟ್ಟ.

“ನಾ ಒಲ್ಲೆರಿ.”

“ಯಾಕೆ?”

“ಡ್ಯೂಟಿ ಮ್ಯಾಲ ಅದೀನ್ರಿ ಸಾಹೇಬ್ರ. ಇದ್ರಾಗ ಸೆರೆ ಐತಿ.”

“ಇದು ಸಾರು ಗುವೊ.”

“ಸಾರೋ ಸಾರಾಯೋ, ನನ್ನ ಮೂಗಿಗೆ ಗೊತ್ತಾಗಂಗಿಲ್ಲೇನ್ರಿ? ನೀವ ಒಮ್ಮೆ ಕೈ ಮ್ಯಾಲ ಊದ್ಕೊಂಡು ನೋಡ್ರಿ.”

ಹ್ವಾನ್ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಊದಿದ.

ಅದೇ ವಾಸನೆ. ಮೊನ್ನೆ ರಾತ್ರಿ ತಪಾಸಣೆಯವರು ಹಿಡಿದ ವಾಸನೆ. ಈಗ ಅವನ ಬಾಯಲ್ಲೇ ಇತ್ತು. ಯಾರಾದರೂ ಈ ಕ್ಷಣ ‘ಕುಡಿದಿದ್ದೀಯಾ’ ಎಂದು ಕೇಳಿದ್ದರೆ ಅವನೂ ಇಲ್ಲ ಎನ್ನುತ್ತಿದ್ದ. ಕಣ್ಣು ಕದಲಿಸದೆ.

ಅವನು ಬಟ್ಟಲನ್ನು ಕೆಳಗಿಟ್ಟ. ಬಾಣಂತಿಗೆ ತಿಂಗಳಿಡೀ ತಣ್ಣೀರು ಕೂಡದು; ಅವಳ ಸಾರಿಗೆ ನೀರು ಹಾಕುವುದಿಲ್ಲ, ಜೋಳದ ಸಾರಾಯಿಯನ್ನೇ ಹಾಕಿ ಕುದಿಸುತ್ತಾರೆ. ಇದು ಅವನಿಗೆ ಹುಟ್ಟಿನಿಂದ ಗೊತ್ತು. ಗೊತ್ತಿದ್ದೂ ಊರಿನ ಪ್ರತಿ ಮನೆಯಲ್ಲಿ ಸಾರಾಯಿ ಕೊಟ್ಟಿರಾ ಎಂದೇ ಕೇಳಿದ್ದ. ಎಲ್ಲರೂ ಇಲ್ಲ ಎಂದಿದ್ದರು. ಎಲ್ಲರೂ ನಿಜ ಹೇಳಿದ್ದರು. ತಪ್ಪು ಅವನ ಪ್ರಶ್ನೆಯಲ್ಲಿತ್ತು. ದ್ವೀಪದವನಲ್ಲದ ಯಾವ ಮೂರ್ಖನೂ ಈ ತಪ್ಪು ಮಾಡುತ್ತಿರಲಿಲ್ಲ.

“ದೊಡ್ಡಮ್ಮ,” ಅವನು ಮೆಲ್ಲಗೆ ಕೇಳಿದ, “ಮೊನ್ನೆ ಮಾವ್‌ಶಾನ್ ಇಲ್ಲಿ ಏನಾದ್ರೂ ಉಂಡ್ನಾ?”

“ಹೂಂ. ಒಂದು ಬಟ್ಟಲು ಸಾರು ಕೊಟ್ಟೆ.”

“ನಿನ್ನೆ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿದ್ದು ಸಾರಾಯಿ!” ಅವಳು ರೇಗಿದಳು. “ಇದು ಸಾರು. ನಿಮ್ಮಮ್ಮ ನಿನ್ನ ಹೆತ್ತಾಗ ನಾನೇ ಮಾಡಿ ತಗೊಂಡು ಹೋಗಿದ್ದೆ. ಅವಳನ್ನೂ ಕುಡುಕಿ ಅಂತೀಯಾ? ತೈಪೆಗೆ ಹೋಗಿ ಓದಿದ್ದು ಇದನ್ನೇನಾ?”

“ಇಲ್ಲ ದೊಡ್ಡಮ್ಮ.”

“ಅವನಿಗೆ ತಾಯಿ ಇಲ್ಲ. ಬಾಣಂತಿ ಸಾರು ಯಾವತ್ತೂ ಕುಡಿದಿಲ್ಲ ಅಂದ. ಪಾಪ, ಬಟ್ಟಲು ನೆಕ್ಕಿಟ್ಟ.”

ಕುತೂಹಲ ಮತ್ತೆ ಹ್ವಾನ್‌ನ ಬೆನ್ನು ನೇರ ಮಾಡಿತು. ವಾಸನೆಯ ಗುಟ್ಟು ಬಯಲಾಗಿತ್ತು, ನಿದ್ದೆಯದು ಆಗಿರಲಿಲ್ಲ. ಮಾವ್‌ಶಾನ್‌ನ ಮುಖಕ್ಕೆ ಸಮುದ್ರದ ನೀರು ಎರಚಿದರೂ ಅವನು ಎದ್ದಿರಲಿಲ್ಲ. ಮರುದಿನ ಮಧ್ಯಾಹ್ನದ ತನಕ ನಾಲಗೆ ತೊದಲುತ್ತಿತ್ತು. ಒಂದು ಬಟ್ಟಲು ಸಾರಿಗೆ ಗಂಡಾಳು ಹಾಗೆ ಬೀಳುವುದಾದರೆ ದ್ವೀಪದ ಬಾಣಂತಿಯರೆಲ್ಲ ತಿಂಗಳಿಡೀ ಏಳಲೇಬಾರದು.

“ಅವತ್ತಿನ ಸಾರು ಬೇರೆ ಯಾರು ಕುಡಿದ್ರು?”

“ಯಾರೂ ಇಲ್ಲ. ಸೊಸೆಗೆ ಅಂತ ಮಾಡಿದ್ದು. ಅವಳು ಅರ್ಧ ಕುಡಿದು ಕಹಿ ಅಂದ್ಲು. ಶುಂಠಿ ಸೀದಿರಬೇಕು ಅಂದ್ಕೊಂಡೆ. ಚೆಲ್ಲೋಕೆ ಮನಸ್ಸು ಬರ್ಲಿಲ್ಲ. ಆ ಹುಡುಗ ಬಂದ, ಕೊಟ್ಟೆ.”

“ಸೊಸೆ ಆಮೇಲೆ?”

ಬೆಕ್‌ಲ್ಯಾನ್ ಒಳಮನೆಯ ಕಡೆ ನೋಡಿದಳು. ಒಳಮನೆಯ ಪರದೆ ಸರಿಯಿತು. ಮಗುವನ್ನು ಎದೆಗವಚಿಕೊಂಡು ಸೊಸೆ ಸುಯಿಹಾ ನಿಂತಿದ್ದಳು. ಇಷ್ಟು ಹೊತ್ತೂ ಕೇಳಿಸಿಕೊಂಡಿದ್ದಳು.

“ನಾನು ಏಳ್ಲೇ ಇಲ್ಲ ಅಣ್ಣ,” ಎಂದಳು. “ಮಗು ಅತ್ತೂ ಅತ್ತೂ ಗಂಟ್ಲು ಕಟ್ಟಿಸ್ಕೊಂಡಿತ್ತಂತೆ. ಅತ್ತೆ ಬಂದು ಕೆನ್ನೆಗೆ ಹೊಡೆದ್ರೂ ಎಚ್ಚರ ಆಗ್ಲಿಲ್ಲ. ಎಂಥ ತಾಯಿ ನಾನು ಅಂತ ಮೊನ್ನೆಯಿಂದ ಅದೇ ಯೋಚನೆ.”

“ಬಾಣಂತಿ ಆಯಾಸ ಅಂದ್ಕೊಂಡ್ವಿ,” ಎಂದಳು ಅತ್ತೆ. ದನಿ ಸಣ್ಣದಾಗಿತ್ತು.

“ಅವತ್ತಿನ ಸಾರಿಗೆ ಹಾಕಿದ್ದು ಯಾವ ಸಾರಾಯಿ? ರೇಷನ್ನಿಂದಾ?”

“ಅಲ್ಲ. ಉಡುಗೊರೆ ಬಂದಿತ್ತು. ಅವತ್ತೇ ತೆಗೆದಿದ್ದು.”

“ಬಾಟ್ಲಿ ಎಲ್ಲಿ? ನಿನ್ನೆ ಹೊತ್ಕೊಂಡು ಹೋದ್ರಾ?”

“ಅದನ್ನ ಹೇಗೆ ಮುಟ್ತಾರೆ? ಮಂಚದಮ್ಮನ ಮುಂದಿದೆಯಲ್ಲ.”

ಬಾಣಂತಿಯ ಮಂಚದ ಕೆಳಗೆ, ಮಗುವನ್ನು ಕಾಯುವ ದೇವಿಗೆ ಇಟ್ಟಿದ್ದ ಎಡೆ: ಒಂದು ಬಟ್ಟಲು ಅನ್ನ, ಊದುಬತ್ತಿಯ ಬೂದಿ. ಪಕ್ಕದಲ್ಲಿ ಕೆಂಪು ಕಾಗದ ಸುತ್ತಿದ ಬಿಳಿ ಗಾಜಿನ ಬಾಟಲಿ. ನಿನ್ನೆ ಬಂದ ಸಿಪಾಯಿಗಳು ಬಾಣಂತಿಯ ಮಂಚದ ಕೆಳಗೆ ಬಗ್ಗಲು ಹೆದರಿರಬೇಕು; ಆ ಕೋಣೆಯ ಮೈಲಿಗೆ ಬಂದೂಕಿನವರನ್ನೂ ಬಿಡುವುದಿಲ್ಲ. ಹ್ವಾನ್ ಸುಯಿಹಾಳ ಮುಖ ನೋಡಿ ಅಪ್ಪಣೆ ಕೇಳಿದ. ಅವಳು ತಲೆಯಾಡಿಸಿದಳು. ಅವನು ಮೊಣಕಾಲೂರಿ ಬಗ್ಗಿ, ದೇವಿಗೆ ಕೈಮುಗಿದು, ಬಾಟಲಿ ಎತ್ತಿಕೊಂಡ.

ಜೋಳದ ಸಾರಾಯಿ ತಿಳಿನೀರಿನ ಹಾಗಿರುತ್ತದೆ. ಬೆಳಕಿಗೆ ಹಿಡಿದಾಗ ಇದರ ತಳದಲ್ಲಿ ತೆಳ್ಳಗೆ ಬಿಳಿ ಗಸಿ ಕಂಡಿತು. ಅಲುಗಾಡಿಸಿದರೆ ಹೊಗೆಯಂತೆ ಎದ್ದು ಮತ್ತೆ ಕೂರುತ್ತಿತ್ತು.

ಗುವೊ ಹತ್ತಿರ ಬಂದ. ಬೆರಳ ತುದಿಗೆ ಒಂದು ಹನಿ ಹಚ್ಚಿಕೊಂಡು ನಾಲಗೆಗೆ ತಾಗಿಸಿ, ಬಾಗಿಲ ಹೊರಗೆ ಉಗಿದ.

“ಬಿಳಿ ಹಲಗಿ ಅಲ್ರಿ ಇದು?”

ಮಾಜಾಂಗ್ ಆಟದ ಬಿಳಿ ಕಾಯಿಯ ಹೆಸರು ಅದು. ಸಿಪಾಯಿಗಳು ಒಂದು ಬಗೆಯ ನಿದ್ದೆ ಮಾತ್ರೆಗೂ ಅದೇ ಹೆಸರಿಟ್ಟಿದ್ದರು.

“ಖಾತ್ರಿನಾ?”

“ಖಾತ್ರಿ ದವಾಖಾನಿಯವರು ಹೇಳ್ಬೇಕ್ರಿ. ಖರೆ ಈ ಕಹಿ ನಂಗ ಗೊತ್ತೈತಿ. ಈ ದ್ವೀಪಕ್ಕ ಬಂದ ಹೊಸದಾಗಿ ನಿದ್ದಿ ಹತ್ತಂಗಿಲ್ಲಾಗಿತ್ತು. ಊರು ನೆನಪಾಗ್ತಿತ್ತು.” ಅವನು ಕಿಟಕಿಯ ಕಡೆ ನೋಡದೆ ನಿಂತ. ಕಿಟಕಿಯಾಚೆ ಕಡಲು, ಕಡಲಾಚೆ ಅವನ ನೆಲ. “ಆವಾಗ ಡಾಕ್ಟರ್ ಕೊಟ್ಟಿದ್ರು. ಈಗ ಅದು ಸಿಪಾಯಿಗೆ ಸಿಗಂಗಿಲ್ರಿ. ಆಫೀಸರ್ ಸಹಿ ಬೇಕು.”

“ಗುವೊ, ಹೋಗಿ ಜೀಪ್ ಸ್ಟಾರ್ಟ್ ಮಾಡು.”

ಗುವೊ ಬೆರಳು ಒರೆಸಿಕೊಂಡು ಹೊರಗೆ ಹೋದ. ಮುಂದೆ ಬರುವ ಹೆಸರು ಅವನ ಕಿವಿಗೆ ಬೀಳುವುದು ಹ್ವಾನ್‌ಗೆ ಬೇಡವಾಗಿತ್ತು.

ಹ್ವಾನ್ ಬಾಟಲಿಯ ಕೆಂಪು ಕಾಗದವನ್ನು ತಿರುಗಿಸಿ ನೋಡಿದ. ಬರೀ ಕಾಗದ, ಹೆಸರಿಲ್ಲ.

“ಯಾರು ಕೊಟ್ಟದ್ದು ದೊಡ್ಡಮ್ಮ?”

ಬೆಕ್‌ಲ್ಯಾನ್‌ಳ ಮುಖದಲ್ಲಿ, ಇಷ್ಟರ ನಡುವೆಯೂ, ಸಣ್ಣ ಹೆಮ್ಮೆ ಸುಳಿಯಿತು. “ಕ್ಯಾಪ್ಟನ್ ಶಾವ್. ಕೈಯಾರೆ ತಂದುಕೊಟ್ರು. ಹೋದ ವಾರ ಸುಯಿಹಾ ಕಿಟಕಿಯಿಂದ ಬೆಳಕು ಕಾಣತ್ತೆ, ಕಪ್ಪು ಬಟ್ಟೆ ಸರಿಯಾಗಿ ಕಟ್ಟಿ ಅಂತ ಬೈದು ಹೋಗಿದ್ರು. ಬೈದಿದ್ದಕ್ಕೆ ಬೇಜಾರಾಯ್ತೋ ಏನೋ. ‘ರಾತ್ರಿಯೆಲ್ಲ ಎದ್ದು ಹಾಲೂಡಿಸ್ತಾಳಲ್ಲ, ಬಾಣಂತಿಗೆ ಶಕ್ತಿ ಬರ್ಲಿ, ಅವಳ ಸಾರಿಗೇ ಹಾಕಿ’ ಅಂದ್ರು. ಒಳ್ಳೆಯವರು.”

ಹ್ವಾನ್ ಕಿಟಕಿಯ ಬಳಿಗೆ ಹೋದ. ಕಪ್ಪು ಬಟ್ಟೆಯನ್ನು ಬದಿಗೆ ಸರಿಸಿದ. ಕೆಳಗೆ ಸಿಂಪಿ ಬೆಳೆಸುವ ಕಲ್ಲುಗಂಬಗಳ ಸಾಲು, ಅದರ ನಡುವೆ ಕಡಲಿನ ಇಳಿತದಲ್ಲಿ ಮಾತ್ರ ನೀರಿನಿಂದ ಮೇಲೇಳುವ ಮರಳಿನ ದಾರಿ. ದಾರಿಯ ಕೊನೆಗೆ ಮಾವ್‌ಶಾನ್‌ನ ಕಾವಲುಗೂಡು. ಆ ದಾರಿ ಎರಡೇ ಕಡೆಯಿಂದ ಪೂರ್ತಿ ಕಾಣುತ್ತದೆ. ಒಂದು ಆ ಗೂಡು, ಇನ್ನೊಂದು ಈ ಮಂಚ.

ಪಹರೆಯವನಿಗೆ ಕ್ಯಾಪ್ಟನ್ ಆಜ್ಞೆ ಕೊಡಬಹುದು. ಆ ಕಡೆ ತಿರುಗು ಎಂದರೆ ತಿರುಗುತ್ತಾನೆ, ಯಾಕೆಂದು ಕೇಳುವುದಿಲ್ಲ. ರಾತ್ರಿಯೆಲ್ಲ ಮಗುವಿಗೆ ಹಾಲೂಡಿಸುತ್ತ ಕಿಟಕಿಯ ಬಳಿ ಕೂರುವ ಹೆಂಗಸಿಗೆ ಯಾವ ಆಜ್ಞೆಯೂ ನಡೆಯುವುದಿಲ್ಲ. ಅವಳಿಗೆ ನಿದ್ದೆಯೇ ಬರಬೇಕು.

ಮಾವ್‌ಶಾನ್‌ನನ್ನು ಮಲಗಿಸುವುದು ಯಾರ ಉದ್ದೇಶವೂ ಆಗಿರಲಿಲ್ಲ. ಅವನಿಗೆ ಸಿಕ್ಕಿದ್ದು ಇನ್ನೊಬ್ಬರಿಗೆಂದು ಮಾಡಿದ ಸಾರಿನ ಉಳಿಕೆ. ತಪಾಸಣೆಯವರು ಹೇಳದೆ ಕೇಳದೆ ಬಂದುಬಿಟ್ಟಾಗ ಮೊದಲು ‘ಸಾರಾಯಿ’ ಎಂದು ಕೂಗಿದವನು ಕ್ಯಾಪ್ಟನ್ ಶಾವ್. ಮರುದಿನ, ತಾನು ಕೊಟ್ಟ ಬಾಟಲಿ ಕೈಗೆ ಸಿಗಲೆಂದು, ಖಾಲಿ ಬಾಟಲಿಗಳನ್ನು ಹುಡುಕಿಸಿದವನೂ ಅವನೇ.

ಆ ರಾತ್ರಿ ಮರಳಿನ ದಾರಿಯಲ್ಲಿ ನಡೆದದ್ದು ಯಾರು? ಬಂದರೋ, ಹೋದರೋ?

“ಆ-ಹ್ವಾನ್.” ಬೆಕ್‌ಲ್ಯಾನ್ ಅವನ ತೋಳು ಹಿಡಿದಳು.  “ನನ್ನ ಸಾರಿನಿಂದ ಆ ಹುಡುಗನಿಗೆ ಗುಂಡು ಹೊಡೀತಾರಾ?”

“ಕುಡಿದು ಮಲಗಿದ ಅಂತ ಅವರು ನಂಬಿದ್ರೆ.”

“ಅವನು ಕುಡಿದಿಲ್ಲವಲ್ಲ!”

“ನನಗೆ ಗೊತ್ತು. ಅವರಿಗೆ ಗೊತ್ತಾಗಬೇಕು.”

“ಈ ಬಾಟ್ಲಿ ತೋರ್ಸು.”

“ಬಾಟ್ಲಿ ಮಾತಾಡಲ್ಲ ದೊಡ್ಡಮ್ಮ. ಇದರಿಂದ ಸಾರು ಆಯ್ತು, ಆ ಸಾರನ್ನ ಅವನಿಗೆ ಕೊಟ್ರು ಅಂತ ಯಾರಾದ್ರೂ ಹೇಳ್ಬೇಕು.”

“ನಾನು ಬಂದು ಹೇಳ್ತೀನಿ.” ಯೋಚಿಸಲು ಅವಳು ಒಂದು ಉಸಿರನ್ನೂ ತೆಗೆದುಕೊಳ್ಳಲಿಲ್ಲ. “ನನಗೇನು ಭಯ? ಕ್ಯಾಪ್ಟನ್ ಇರ್ತಾರಾ ಅಲ್ಲಿ?”

“ಇರ್ತಾರೆ. ಎದುರಿಗೇ ಕೂತಿರ್ತಾರೆ.”

“ಕೂತಿರ್ಲಿ. ಅವರ ಮುಖ ನೋಡ್ಕೊಂಡೇ ಹೇಳ್ತೀನಿ. ಈ ಬಾಟ್ಲಿ ನೀವು ಕೊಟ್ರಿ, ನಾನು ಸಾರು ಮಾಡಿದೆ, ಹುಡುಗನಿಗೆ ಕೊಟ್ಟೆ ಅಂತ. ಹಸಿದ ಮಗೂಗೆ ಸಾರು ಕೊಡೋದು ತಪ್ಪಾ?”

ಹೊರಗೆ ಗುವೊ ಹಾರ್ನ್ ಒತ್ತಿದ. ಅಂಗಳದಲ್ಲಿ ಯಾರೋ ಜೋರಾಗಿ ನಕ್ಕರು. ಸುಯಿಹಾ ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು ಹ್ವಾನ್‌ನನ್ನೇ ನೋಡುತ್ತಿದ್ದಳು. ಅತ್ತೆ ಕೇಳದ ಪ್ರಶ್ನೆಯೊಂದು ಅವಳ ಕಣ್ಣಿನಲ್ಲಿತ್ತು. ಅವನು ಕಣ್ಣು ತಪ್ಪಿಸಿ ಬಾಟಲಿಯನ್ನು ಕೋಟಿನೊಳಗೆ ಇಟ್ಟುಕೊಂಡ.

“ಬೆಳಿಗ್ಗೆ ಜೀಪ್ ಕಳಿಸ್ತೀನಿ,” ಎಂದ.

“ಕಳಿಸು. ಒಳ್ಳೆ ಅಂಗಿ ಹಾಕ್ಕೊಂಡು ರೆಡಿಯಾಗಿರ್ತೀನಿ.” ಅವಳು ಅವನ ಜೇಬಿಗೆ ಎರಡು ಕೆಂಪು ಮೊಟ್ಟೆ ತುರುಕಿದಳು. “ಒಂದು ನಿನಗೆ, ಒಂದು ಮಾವ್‌ಶಾನ್‌ಗೆ. ಮತ್ತೆ ನೋಡು, ಆ ಕೋರ್ಟಿನವರಿಗೆ ಸರಿಯಾಗಿ ಬಿಡಿಸಿ ಹೇಳು. ನಾನು ಮಾರಿಲ್ಲ. ಕಾಸು ಮುಟ್ಟಿಲ್ಲ. ಸುಮ್ನೆ ಕೊಟ್ಟಿದ್ದು.”

“ಹೇಳ್ತೀನಿ ದೊಡ್ಡಮ್ಮ.”

ಅವನು ಟೋಪಿ ಹಾಕಿಕೊಂಡು ಹೊಸ್ತಿಲು ದಾಟಿದ.

ದಂಡಿನ ಪ್ರದೇಶದಲ್ಲಿ ಪಹರೆಯವನಿಗೆ ಸಾರಾಯಿ ಮಾರಿದರೂ, ಸಾರಿನಲ್ಲಿ ಹಾಕಿ ಸುಮ್ಮನೆ ಕೊಟ್ಟರೂ ಶಿಕ್ಷೆ ಒಂದೇ ಎಂದು ಹ್ವಾನ್ ಅವಳಿಗೆ ಹೇಳಲಿಲ್ಲ.